ಲೋಟ ಒಡೆದದ್ದು ಯಾರು?

ಅಡುಗೆಮನೆಯಲ್ಲಿ ‘ಟಣ್’ ಎಂದು ಸದ್ದಾಗುತ್ತದೆ. ಎರಡು ಕ್ಷಣ ಮೌನ. ಆಮೇಲೆ ನಡುಮನೆಯಿಂದ ತೂರಿಬರುವ ಪ್ರಶ್ನೆ ಎಲ್ಲ ಮನೆಗಳಲ್ಲೂ ಒಂದೇ: ‘ಯಾರದು ಒಡೆದದ್ದು?’ ಉತ್ತರವೂ ಬಹುಮಟ್ಟಿಗೆ ಒಂದೇ: ‘ನಾನೇನೂ ಮಾಡಲಿಲ್ಲ. ಬಿಸಿ ಹಾಲು ಹುಯ್ದೆ, ಅದಾಗಿ ಅದೇ ಒಡೆಯಿತು.’ ಹೀಗೆ ಹೇಳಿದ ಹುಡುಗನನ್ನೋ ಹುಡುಗಿಯನ್ನೋ ನಂಬಿದ ಹಿರಿಯರು ಕಡಿಮೆ. ಲೋಟಕ್ಕೇನು ಕೈಕಾಲಿದೆಯೇ, ಅದಾಗಿ ಅದೇ ಹೇಗೆ ಒಡೆದೀತು ಎಂದು ಇನ್ನೊಂದು ಪ್ರಶ್ನೆ. ಕೊನೆಗೆ ಒಂದು ಬೈಗುಳ, ಒಂದು ಪೊರಕೆ. ಅಲ್ಲಿಗೆ ವಿಚಾರಣೆ ಮುಗಿಯುತ್ತದೆ.

ಈ ವಾರ ಆ ವಿಚಾರಣೆಯನ್ನು ಮತ್ತೆ ತೆರೆಯೋಣ. ಇಂಥದೇ ಒಂದು ಮೊಕದ್ದಮೆಯಲ್ಲಿ ನಾನೂ ಒಮ್ಮೆ ಆರೋಪಿಯಾಗಿದ್ದೆ.

ಪಿಯುಸಿ ಮೊದಲ ವರ್ಷ. ರಸಾಯನ ವಿಜ್ಞಾನದ ಪ್ರಯೋಗಾಲಯದಲ್ಲಿ ಲವಣ ವಿಶ್ಲೇಷಣೆ ನಡೆದಿತ್ತು. ಪ್ರನಾಳವನ್ನು ಬ್ರಷ್ ಹಾಕಿ ತೊಳೆದೇ ಬಳಸಬೇಕು ಎಂಬುದು ಅಲ್ಲಿನ ಕಟ್ಟಪ್ಪಣೆ. ನಾನು ಶ್ರದ್ಧೆಯಿಂದ ತಿಕ್ಕಿ ತೊಳೆದೆ, ದ್ರಾವಣ ತುಂಬಿದೆ, ಇಕ್ಕಳದಲ್ಲಿ ಹಿಡಿದು ಬುನ್ಸೆನ್ ದೀಪದ ಜ್ವಾಲೆಗೆ ಒಡ್ಡಿದೆ. ಅರ್ಧ ನಿಮಿಷವೂ ಆಗಿರಲಿಲ್ಲ, ಪ್ರನಾಳದ ತಳ ಕಳಚಿ ಬಿತ್ತು. ನೀಲಿ ದ್ರಾವಣ ದೀಪದ ಮೇಲೆ ಸುರಿದು ‘ಚುಂಯ್’ ಎಂದಿತು. ಅಧ್ಯಾಪಕರು ಬಂದು ನೋಡಿದರು, ‘ಗಮನ ಎಲ್ಲಿತ್ತು?’ ಎಂದರು, ‘ಬ್ರೇಕೇಜ್ ರಿಜಿಸ್ಟರ್’ ತರಿಸಿ ನನ್ನ ಹೆಸರು ಬರೆಸಿದರು. ವರ್ಷದ ಕೊನೆಗೆ ಕಾಷನ್ ಡಿಪಾಸಿಟ್‌ನಲ್ಲಿ ಅದರ ಬೆಲೆ ಮುರಿದುಕೊಂಡರು. ಹಣ ಹೆಚ್ಚೇನಲ್ಲ. ಆದರೆ ‘ಇವನ ಕೈ ಸರಿಯಿಲ್ಲ’ ಎಂಬ ಮಾತು ತರಗತಿಯಲ್ಲಿ ಉಳಿದುಕೊಂಡಿತು. ಅದನ್ನು ನಾನೂ ನಂಬಿದೆ. ಮುಂದೆ ಎರಡು ವರ್ಷ, ಗಾಜಿನ ಉಪಕರಣ ಮುಟ್ಟುವಾಗಲೆಲ್ಲ ಕೈ ಸಣ್ಣಗೆ ನಡುಗುತ್ತಿತ್ತು.

ನಾನು ತಪ್ಪು ಮಾಡಿದ್ದೆನೇ? ಮಾಡಿದ್ದೆ. ಆದರೆ ಅವರು ಹೇಳಿದ ತಪ್ಪು ಅದಲ್ಲ. ಅದು ಯಾವುದೆಂದು ತಿಳಿಯಬೇಕಾದರೆ ಗಾಜು ಎಂದರೇನು, ಅದು ಹೇಗೆ ಒಡೆಯುತ್ತದೆ ಎಂಬುದನ್ನು ಮೊದಲು ನೋಡಬೇಕು.

ಮರಳು, ಸೋಡಾ, ಸುಣ್ಣ

ಕಿಟಕಿಯ ಗಾಜು, ಉಪ್ಪಿನಕಾಯಿ ಸೀಸೆ, ಗೋಲಿ ಸೋಡಾದ ಬಾಟಲಿ, ಅದರೊಳಗಿನ ಗೋಲಿ, ಅಮ್ಮನ ಕೈಬಳೆ ಎಲ್ಲವೂ ಹುಟ್ಟುವುದು ಮರಳಿನಿಂದ. ಮರಳಿನ ಮುಖ್ಯ ಅಂಶ ಸಿಲಿಕ. ಶುದ್ಧ ಸಿಲಿಕ ಕರಗಲು ಸುಮಾರು 1700 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಹಿಂದಿನವರ ಕುಲುಮೆಗಳಿಗೆ ಅದು ನಿಲುಕದ ಮಾತು. ಆದರೆ ಮರಳಿಗೆ ಸೋಡಾ ಬೆರೆಸಿದರೆ ಅದಕ್ಕಿಂತ ಎಷ್ಟೋ ಕಡಿಮೆ ಉಷ್ಣತೆಯಲ್ಲಿ ಕರಗುತ್ತದೆ ಎಂಬುದನ್ನು ಸಾವಿರಾರು ವರ್ಷಗಳ ಹಿಂದೆಯೇ ಜನ ಕಂಡುಕೊಂಡರು. ಇಲ್ಲೊಂದು ತೊಡಕಿದೆ. ಬರೀ ಮರಳು ಮತ್ತು ಸೋಡಾದಿಂದ ಮಾಡಿದ ಗಾಜು ನೀರಿನಲ್ಲಿ ಕರಗಿಬಿಡುತ್ತದೆ. ಅಂಥ ಲೋಟದಲ್ಲಿ ನೀರು ಕುಡಿಯುವುದು ಸಕ್ಕರೆಯ ಲೋಟದಲ್ಲಿ ಕಾಫಿ ಕುಡಿದ ಹಾಗೆ! ಅದಕ್ಕೆ ಮದ್ದು ಸುಣ್ಣ. ಇಂದಿಗೂ ಕಿಟಕಿ, ಸೀಸೆ, ಲೋಟಗಳ ಗಾಜಿನಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಪಾಲು ಸಿಲಿಕ, 13ರಿಂದ 15 ಪಾಲು ಸೋಡಾ, ಸುಮಾರು 10 ಪಾಲು ಸುಣ್ಣ ಇರುತ್ತದೆ.

ಈ ಪಾಕ ನಮ್ಮ ನಾಡಿಗೂ ಹೊಸದಲ್ಲ. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ತನ್ನ ಪ್ರವಾಸದ ವರದಿಯಲ್ಲಿ ಚಿತ್ರದುರ್ಗ ಸೀಮೆಯ ಮತ್ತೋಡಿನ ಗಾಜಿನ ಕುಲುಮೆಗಳ ಬಗ್ಗೆ ಬರೆದಿದ್ದಾನೆ. ಅಲ್ಲಿ ಬಳೆಗೆ ಬೇಕಾದ ಗಾಜು ತಯಾರಾಗುತ್ತಿತ್ತು. ಬೆಣಚುಕಲ್ಲಿನ ಪುಡಿಯಿಂದ ಸಿಲಿಕ, ಸವುಳು ಮಣ್ಣಿನಿಂದ ಸೋಡಾ. ಹೊಲ ಕೆಡಿಸುವ ಸವುಳು, ಬಳೆಗಾರನ ಮಲಾರವನ್ನು ತುಂಬುತ್ತಿತ್ತು.

ಇನ್ನು ಗಾಜಿನ ಒಳಗುಟ್ಟು. ಶಾಲೆಯಲ್ಲಿ ಪ್ರಾರ್ಥನೆಯ ಗಂಟೆ ಹೊಡೆದಾಗ ಏನಾಗುತ್ತದೆ? ಅಂಗಳದಲ್ಲಿ ಓಡಾಡುತ್ತಿದ್ದ ಮಕ್ಕಳೆಲ್ಲ ಬಂದು ಸಾಲು ಸಾಲಾಗಿ ನಿಲ್ಲುತ್ತಾರೆ. ನೀರು ಮಂಜುಗಡ್ಡೆಯಾಗುವಾಗ, ಕರಗಿದ ಕಬ್ಬಿಣ ಗಟ್ಟಿಯಾಗುವಾಗ ಅಣುಪರಮಾಣುಗಳು ಮಾಡುವುದು ಇದನ್ನೇ. ಅದಕ್ಕೆ ಸ್ಫಟಿಕ ರಚನೆ ಎಂದು ಹೆಸರು. ಈಗ ‘ಸ್ಟ್ಯಾಚ್ಯೂ’ ಆಟ ನೆನಪಿಸಿಕೊಳ್ಳಿ. ಓಡುತ್ತಿರುವ ಮಕ್ಕಳಿಗೆ ‘ಸ್ಟ್ಯಾಚ್ಯೂ’ ಎಂದರೆ ಇದ್ದವರು ಇದ್ದಲ್ಲೇ, ಇದ್ದ ಹಾಗೆಯೇ ನಿಂತುಬಿಡುತ್ತಾರೆ. ಯಾರೂ ಅಲುಗಾಡುವುದಿಲ್ಲ, ಆದರೆ ಸಾಲೂ ಇಲ್ಲ. ಗಾಜೆಂದರೆ ಅದು. ಕರಗಿದ ಗಾಜು ತಣ್ಣಗಾಗುತ್ತ ಹೋದಂತೆ ಜೇನಿನಂತೆ, ಆಮೇಲೆ ಅರಗಿನಂತೆ ದಪ್ಪವಾಗುತ್ತದೆ. ಅದರೊಳಗಿನ ಪರಮಾಣುಗಳಿಗೆ ಸಾಲು ಕಟ್ಟಲು ಪುರುಸೊತ್ತೇ ಸಿಗದೆ ಚೆಲ್ಲಾಪಿಲ್ಲಿಯಾಗಿದ್ದಂತೆಯೇ ಬಿಗಿದುಕೊಳ್ಳುತ್ತವೆ.

ಇದನ್ನು ಅರ್ಧ ಕೇಳಿಸಿಕೊಂಡವರು ‘ಗಾಜು ನಿಜವಾಗಿ ದ್ರವ, ನಿಧಾನವಾಗಿ ಹರಿಯುತ್ತಿರುತ್ತದೆ’ ಎನ್ನುವುದುಂಟು. ಯುರೋಪಿನ ಹಳೆಯ ಚರ್ಚುಗಳ ಕಿಟಕಿಗಾಜು ಕೆಲವೆಡೆ ಕೆಳಗೆ ದಪ್ಪವಾಗಿರುವುದನ್ನು ಇದಕ್ಕೆ ಸಾಕ್ಷಿಯಾಗಿ ಕೊಡುತ್ತಾರೆ. ಆಗಿನ ಕಾಲದಲ್ಲಿ ಗಾಜನ್ನು ಊದಿ, ತಿರುಗಿಸಿ ಹಾಳೆ ಮಾಡುತ್ತಿದ್ದರು. ಹಾಳೆ ಹುಟ್ಟುವಾಗಲೇ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಬ್ರೆಜಿಲ್‌ನ ವಿಜ್ಞಾನಿ ಎಡ್ಗರ್ ಜನೊಟ್ಟೊ 1998ರಲ್ಲಿ ಲೆಕ್ಕ ಹಾಕಿ, ಕಿಟಕಿಗಾಜು ಕಣ್ಣಿಗೆ ಕಾಣುವಷ್ಟು ಹರಿಯಬೇಕಾದರೆ ವಿಶ್ವದ ವಯಸ್ಸೂ ಸಾಲದು ಎಂದು ತೋರಿಸಿದರು. ಗಾಜು ಘನವಸ್ತುವೇ, ಶಿಸ್ತಿಲ್ಲದ ಘನವಸ್ತು.

ಒಳಮೈ, ಹೊರಮೈಗಳ ಜಗಳ

ಈಗ ಹಾಲಿನ ಲೋಟಕ್ಕೆ ಬರೋಣ. ಬಿಸಿಯಾದರೆ ವಸ್ತುಗಳು ಹಿಗ್ಗುತ್ತವೆ ಎಂದು ಹೈಸ್ಕೂಲಿನಲ್ಲೇ ಓದಿದ್ದೀರಿ. ಸಾಮಾನ್ಯ ಗಾಜು ಹಿಗ್ಗುವುದು ತೀರ ಸ್ವಲ್ಪ. 10 ಸೆಂಟಿಮೀಟರ್ ಉದ್ದದ ಗಾಜನ್ನು 70 ಡಿಗ್ರಿಯಷ್ಟು ಬಿಸಿ ಮಾಡಿದರೆ ಅದರ ಉದ್ದ ಹೆಚ್ಚುವುದು ಒಂದು ತಲೆಗೂದಲಿನ ದಪ್ಪದಷ್ಟು ಮಾತ್ರ. ಇಷ್ಟಕ್ಕೇ ಒಡೆಯಬೇಕೇ?

ಇಡೀ ಲೋಟ ಒಟ್ಟಿಗೆ ಹಿಗ್ಗಿದ್ದರೆ ಒಡೆಯುತ್ತಿರಲಿಲ್ಲ. ತೊಂದರೆ ಇರುವುದು ಗಾಜಿನ ಇನ್ನೊಂದು ಸ್ವಭಾವದಲ್ಲಿ. ಶಾಖವನ್ನು ಅದು ಬಹಳ ನಿಧಾನವಾಗಿ ದಾಟಿಸುತ್ತದೆ. ಸ್ಟೀಲು ಗಾಜಿಗಿಂತ ಹತ್ತಾರು ಪಟ್ಟು, ತಾಮ್ರ ನೂರಾರು ಪಟ್ಟು ಬೇಗ ದಾಟಿಸುತ್ತವೆ. ಸ್ಟೀಲ್ ಲೋಟಕ್ಕೆ ಕಾಫಿ ಹುಯ್ದ ಮರುಕ್ಷಣ ಬೆರಳು ಚುರ್ ಎನ್ನುತ್ತದೆ. ಗಾಜಿನ ಲೋಟದ ಹೊರಮೈ ಬಿಸಿಯಾಗಲು ಒಂದಷ್ಟು ಹೊತ್ತು ಬೇಕು. ಆ ಒಂದಷ್ಟು ಹೊತ್ತಿನಲ್ಲೇ ಜಗಳ ನಡೆಯುವುದು. ಒಳಮೈ ಬಿಸಿಯಾಗಿ ಹಿಗ್ಗಲು ಹೊರಟಿದೆ. ಹೊರಮೈ ಇನ್ನೂ ತಣ್ಣಗಿದೆ, ಇದ್ದಲ್ಲೇ ಇದೆ. ಒಳಗಿನವನು ತಳ್ಳುತ್ತಾನೆ, ಹೊರಗಿನವನನ್ನು ಜಗ್ಗಿದಂತಾಗುತ್ತದೆ. ಗಾಜನ್ನು ಎಷ್ಟು ಅದುಮಿದರೂ ತಡೆದುಕೊಳ್ಳುತ್ತದೆ. ಜಗ್ಗಿದರೆ ಮಾತ್ರ ತಡೆಯದು. ಹಾಗಾಗಿ ಬಿರುಕು ಬಿಡುವುದು ಹೊರಗೆ.

ಇಲ್ಲಿ ಎಲ್ಲರೂ ಮಾಡುವ ಒಂದು ತಪ್ಪೆಣಿಕೆ ಇದೆ. ‘ಲೋಟ ದಪ್ಪಗಿದೆ, ಬಿಸಿ ತಡೆಯುತ್ತೆ.’ ತಿರುಗಾಮುರುಗಾ. ಗೋಡೆ ದಪ್ಪವಾದಷ್ಟೂ ಶಾಖ ಹೊರಗೆ ಬರುವುದು ತಡ, ಜಗಳ ಜೋರು. ದಪ್ಪ ತಳದ ಲೋಟ ತಳದಲ್ಲೇ ಸೀಳುವುದು ಇದಕ್ಕಾಗಿ. ಪ್ರಯೋಗಾಲಯದ ಪ್ರನಾಳವನ್ನು ಅಷ್ಟು ತೆಳುವಾಗಿ ಮಾಡುವುದೂ ಇದಕ್ಕಾಗಿಯೇ.

ಚಹಾದಂಗಡಿಯವರು ಲೋಟವನ್ನು ಬಿಸಿನೀರಿಗೆ ಅದ್ದಿ ತೆಗೆದು ಚಹಾ ಹುಯ್ಯುವುದನ್ನು ಕಂಡಿದ್ದೀರಿ. ಶುಚಿತ್ವದ ಜೊತೆಗೆ ಅದರಲ್ಲಿ ಭೌತವಿಜ್ಞಾನವೂ ಇದೆ: ಒಳಗೂ ಹೊರಗೂ ಮೊದಲೇ ಬಿಸಿ, ಜಗಳಕ್ಕೆ ಆಸ್ಪದವಿಲ್ಲ. ನಮ್ಮಜ್ಜಿ ಲೋಟದೊಳಗೆ ಸ್ಟೀಲ್ ಚಮಚ ನಿಲ್ಲಿಸಿ, ಚಮಚದ ಮೇಲೆ ಬೀಳುವಂತೆ ಹಾಲು ಹುಯ್ಯುತ್ತಿದ್ದರು. ಮೊದಲ ಬಿಸಿಯನ್ನು ಒಂದಿಷ್ಟು ಚಮಚ ಹೀರುತ್ತದೆ. ಓದು ಬರಹ ಬಾರದ ಅಜ್ಜಿಗೆ ಉಷ್ಣವಹನದ ಪಾಠ ಕೈಗೇ ಬಂದಿತ್ತು.

ಕಣ್ಣಿಗೆ ಕಾಣದ ಗೀರು

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಒಂದೇ ಡಜನ್ನಿನ ಲೋಟಗಳು, ಒಂದೇ ಬಿಸಿ ಹಾಲು. ಹನ್ನೊಂದು ಸುಮ್ಮನಿರುತ್ತವೆ, ಹನ್ನೆರಡನೆಯದು ಒಡೆಯುತ್ತದೆ. ಅದರ ಹಣೆಬರಹದಲ್ಲಿ ಏನಿತ್ತು?

ಗೀರು ಇತ್ತು. ಇದನ್ನು ತೋರಿಸಿಕೊಟ್ಟವನು ಇಂಗ್ಲೆಂಡಿನ ಫಾರ್ನ್‌ಬರೋದ ವಿಮಾನ ಸಂಶೋಧನಾ ಕೇಂದ್ರದಲ್ಲಿದ್ದ ಎ. ಎ. ಗ್ರಿಫಿತ್ ಎಂಬ ತರುಣ ಎಂಜಿನಿಯರ್. ಗಾಜಿನ ಪರಮಾಣುಗಳ ನಡುವಿನ ಬೆಸುಗೆಯನ್ನು ಲೆಕ್ಕ ಹಾಕಿದರೆ ಗಾಜು ಈಗಿರುವುದಕ್ಕಿಂತ ಎಷ್ಟೋ ಪಟ್ಟು ಗಟ್ಟಿಯಾಗಿರಬೇಕಿತ್ತು. ಯಾಕಿಲ್ಲ? ಗ್ರಿಫಿತ್ ಗಾಜನ್ನು ಕಾಯಿಸಿ ಎಳೆಗಳನ್ನಾಗಿ ಎಳೆದ, ಒಂದೊಂದನ್ನೂ ತುಂಡಾಗುವತನಕ ಜಗ್ಗಿದ. ಎಳೆ ತೆಳುವಾದಷ್ಟೂ ಅದರ ಬಲ ಹೆಚ್ಚುತ್ತ ಹೋಯಿತು. ಒಂದು ಮಿಲಿಮೀಟರ್ ದಪ್ಪದ ಕಡ್ಡಿಗೆ ಹೋಲಿಸಿದರೆ, ಕೂದಲಿಗಿಂತ ಹತ್ತು ಹದಿನೈದು ಪಟ್ಟು ತೆಳುವಾದ ಹೊಸ ಎಳೆ ತನ್ನ ಗಾತ್ರಕ್ಕೆ ಸುಮಾರು 20 ಪಟ್ಟು ಗಟ್ಟಿ! ದಪ್ಪ ಕಡ್ಡಿಯ ಮೈಮೇಲೆ ಕಣ್ಣಿಗೆ ಕಾಣದ ಗೀರುಗಳಿಗೆ ಜಾಗವಿದೆ, ತೆಳು ಎಳೆಯಲ್ಲಿ ದೊಡ್ಡ ಗೀರಿಗೆ ಜಾಗವೇ ಇಲ್ಲ ಎಂದು ಆತ ತರ್ಕಿಸಿದ. 1921ರಲ್ಲಿ ಪ್ರಕಟವಾದ ಆ ಲೇಖನವೇ ಇಂದು ವಿಮಾನ, ಸೇತುವೆ, ಹಡಗುಗಳ ಬಿರುಕುಗಳನ್ನು ಅಳೆಯುವ ವಿಜ್ಞಾನದ ತಳಹದಿ.

ಗೀರು ಮಾಡುವ ಕೆಲಸವನ್ನು ನೋಡಬೇಕಾದರೆ ಬಟ್ಟೆ ಅಂಗಡಿಗೆ ಹೋಗಿ. ಅಂಗಡಿಯವನು ಎರಡು ಮೀಟರ್ ಅಳೆದು, ಅಂಚಿಗೆ ಕತ್ತರಿಯಿಂದ ಒಂದು ಸಣ್ಣ ಕಚ್ಚು ಹಾಕಿ, ಎರಡೂ ಕೈಯಲ್ಲಿ ಹಿಡಿದು ‘ಚರ್’ ಎಂದು ಸೀಳುತ್ತಾನೆ. ಕಚ್ಚು ಇಲ್ಲದ ಬಟ್ಟೆಯನ್ನು ಹಾಗೆ ಸೀಳಿ ನೋಡೋಣ! ಜಗ್ಗಿದ ಬಲವೆಲ್ಲ ಕಚ್ಚಿನ ಮೊನೆಗೆ ಬಂದು ಸೇರುತ್ತದೆ, ಅಲ್ಲಿನ ಒಂದು ನೂಲು ಹರಿದರೆ ಭಾರ ಪಕ್ಕದ ನೂಲಿಗೆ. ಗಾಜಿನಲ್ಲೂ ಹೀಗೆಯೇ. ದೇವರ ಪಟಕ್ಕೆ ಕಟ್ಟು ಹಾಕುವವರು ಗಾಜನ್ನು ನಿಜವಾಗಿ ಕತ್ತರಿಸುವುದಿಲ್ಲ. ವಜ್ರದ ಮೊನೆಯಿಂದಲೋ ಉಕ್ಕಿನ ಪುಟ್ಟ ಚಕ್ರದಿಂದಲೋ ಒಂದು ಗೀರು ಎಳೆದು ಮೆಲ್ಲಗೆ ಬಗ್ಗಿಸುತ್ತಾರೆ. ಉಳಿದದ್ದನ್ನು ಗಾಜೇ ನೋಡಿಕೊಳ್ಳುತ್ತದೆ.

ಸ್ಟೀಲ್ ತಟ್ಟೆಯ ಮೇಲೂ ಸಾವಿರ ಗೀರುಗಳಿವೆಯಲ್ಲ, ಅದೇಕೆ ಒಡೆಯುವುದಿಲ್ಲ? ಅದರ ಪರಮಾಣುಗಳು ಸಾಲಾಗಿರುವುದರಿಂದ ಒಂದರ ಮೇಲೊಂದು ಜಾರಬಲ್ಲವು. ಗೀರಿನ ತುದಿಯಲ್ಲಿ ಲೋಹ ತುಸು ಬಾಗಿ ಮೊನೆ ಮೊಂಡಾಗುತ್ತದೆ. ಚೆಲ್ಲಾಪಿಲ್ಲಿಯಾಗಿ ಬಿಗಿದುಕೊಂಡ ಗಾಜಿಗೆ ಜಾರುವ ದಾರಿಯಿಲ್ಲ. ಮೊನೆ ಮೊನೆಯಾಗಿಯೇ ಉಳಿಯುತ್ತದೆ.

ಇನ್ನೂ ಒಂದು ವಿಚಿತ್ರವಿದೆ. ಗೀರಿನ ತುದಿಗೆ ತೇವ ತಗುಲಿದರೆ ನೀರಿನ ಅಣುಗಳು ಅಲ್ಲಿನ ಬೆಸುಗೆಗಳನ್ನು ಒಂದೊಂದಾಗಿ ಬಿಡಿಸಲು ನೆರವಾಗುತ್ತವೆ. ಗಾಜಿನ ಮೇಲೆ ಸಣ್ಣ ಒತ್ತಡ ಮೊದಲೇ ಇದ್ದರೆ ಬಿರುಕು ದಿನಗಟ್ಟಲೆ, ತಿಂಗಳುಗಟ್ಟಲೆ ಇಂಚಿಂಚಾಗಿ ಅಲ್ಲ, ಪರಮಾಣು ಪರಮಾಣುವಾಗಿ ತೆವಳುತ್ತದೆ. ಒಂದು ದಿನ, ಯಾರೂ ಮುಟ್ಟದಿದ್ದಾಗ, ಬೀರುವಿನೊಳಗೆ ‘ಟಣ್’! ‘ಅದಾಗಿ ಅದೇ ಒಡೆಯಿತು’ ಎಂದ ಮಗು ಒಮ್ಮೊಮ್ಮೆ ಅಕ್ಷರಶಃ ಸತ್ಯ ಹೇಳುತ್ತಿರುತ್ತದೆ.

ಕಂದೀಲಿನಿಂದ ಕೇಕಿನವರೆಗೆ

ಹಳ್ಳಿಯಲ್ಲಿ ಬೆಳೆದ ಹಿರಿಯರಿಗೆ ಇನ್ನೊಂದು ಅನುಭವ ಗೊತ್ತು. ಉರಿಯುವ ಕಂದೀಲು ಹಿಡಿದು ಮಳೆಯಲ್ಲಿ ಕೊಟ್ಟಿಗೆಗೆ ಹೊರಟರೆ, ಬಿಸಿ ಬುರುಡೆಯ ಮೇಲೆ ಒಂದೇ ಒಂದು ಹನಿ ಬಿದ್ದರೂ ಸಾಕು, ಅದು ಸೀಳು. ತಣ್ಣನೆಯ ಗಾಜಿಗೆ ಬಿಸಿ ತಗುಲುವುದಕ್ಕಿಂತ ಬಿಸಿ ಗಾಜಿಗೆ ತಣ್ಣೀರು ತಗುಲುವುದು ಹೆಚ್ಚು ಅಪಾಯ. ಹನಿ ಬಿದ್ದ ಜಾಗ ತಟಕ್ಕನೆ ಕುಗ್ಗಲು ನೋಡುತ್ತದೆ, ಸುತ್ತಲಿನ ಬಿಸಿ ಗಾಜು ಬಿಡುವುದಿಲ್ಲ. ಎಳೆತ ನೇರವಾಗಿ ಮೇಲ್ಮೈಗೇ, ಗೀರುಗಳು ಇರುವ ಜಾಗಕ್ಕೇ.

ಮನೆಯ ಕಂದೀಲು ಒಡೆದರೆ ಕತ್ತಲೆ. ರೈಲ್ವೆಯ ಸಿಗ್ನಲ್ ಕಂದೀಲು ಒಡೆದರೆ ಪ್ರಾಣಾಪಾಯ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ರೈಲ್ವೆ ಕಂದೀಲುಗಳು ಮಳೆ, ಹಿಮಕ್ಕೆ ಒಡೆಯುತ್ತಿದ್ದವು. ಹಿಗ್ಗದ ಗಾಜು ಬೇಕಿತ್ತು. ದಾರಿಯನ್ನು ಅದಕ್ಕೆ ಮೊದಲೇ ಜರ್ಮನಿಯ ಒಟ್ಟೊ ಶಾಟ್ ತೋರಿಸಿದ್ದ. 1884ರಲ್ಲಿ ಯೇನಾ ಪಟ್ಟಣದಲ್ಲಿ ಎರ್ನ್‌ಸ್ಟ್ ಅಬ್ಬೆ, ಕಾರ್ಲ್ ಝೈಸ್ ಅವರ ಜೊತೆಗೂಡಿ ಗಾಜಿನ ಪ್ರಯೋಗಾಲಯ ತೆರೆದ ಈತ ಗಾಜಿನ ಪಾಕಕ್ಕೆ ಹೊಸ ಹೊಸ ಧಾತುಗಳನ್ನು ಸೇರಿಸಿ ಪರೀಕ್ಷಿಸಿದ. ಅವುಗಳಲ್ಲಿ ಬೋರಾನ್ ಒಂದು. ಕೇರಂ ಹಲಗೆಗೆ ಉದುರಿಸುವ ಬೋರಿಕ್ ಪುಡಿಯಲ್ಲಿ, ಅಕ್ಕಸಾಲಿಗರ ಬಿಳಿಗಾರದಲ್ಲಿ ಇರುವುದು ಇದೇ ಬೋರಾನ್. ಸೋಡಾವನ್ನು ಬಹಳಷ್ಟು ಕಡಿಮೆ ಮಾಡಿ ಬೋರಾನ್ ಆಕ್ಸೈಡ್ ಸೇರಿಸಿದರೆ ಗಾಜಿನ ಒಳಜಾಲ ಬಿಗಿಯಾಗುತ್ತದೆ. ಬಿಸಿ ತಗುಲಿದಾಗ ಅದು ಹಿಗ್ಗುವುದು ಸಾಮಾನ್ಯ ಗಾಜಿನ ಸುಮಾರು ಮೂರನೇ ಒಂದು ಭಾಗದಷ್ಟೇ. ಇದು ಬೋರೋಸಿಲಿಕೇಟ್ ಗಾಜು.

ಅಮೆರಿಕದ ಕಾರ್ನಿಂಗ್ ಕಂಪನಿ ಇಂಥ ಗಾಜಿನಿಂದ ರೈಲ್ವೆ ಕಂದೀಲು, ಬ್ಯಾಟರಿ ಜಾಡಿಗಳನ್ನು ಮಾಡುತ್ತಿತ್ತು. 1913ರಲ್ಲಿ ಅಲ್ಲಿನ ವಿಜ್ಞಾನಿ ಜೆಸ್ಸಿ ಲಿಟಲ್‌ಟನ್ನನ ಹೆಂಡತಿ ಬೆಸ್ಸಿಯ ಅಡುಗೆಮನೆಯಲ್ಲಿ ಒಲೆಗೆ ಇಡುವ ಮಣ್ಣಿನ ಪಾತ್ರೆ ಒಡೆಯಿತು. ‘ನಿಮ್ಮ ಗಾಜಿನಲ್ಲೇ ಏನಾದರೂ ತನ್ನಿ’ ಎಂಬುದು ಆಕೆಯ ಬೇಡಿಕೆ. ಗಂಡ ಬ್ಯಾಟರಿ ಜಾಡಿಯೊಂದರ ತಳವನ್ನು ಕತ್ತರಿಸಿ ತಂದುಕೊಟ್ಟ. ಆಕೆ ಅದರಲ್ಲಿ ಕೇಕ್ ಬೇಯಿಸಿ ಗಂಡನ ಕೈಯಲ್ಲೇ ಕಾರ್ಖಾನೆಗೆ ಕಳಿಸಿದಳು. ಕೇಕ್ ಸಮನಾಗಿ ಬೆಂದಿತ್ತು, ಗಾಜು ಗಟ್ಟಿಯಾಗಿತ್ತು. 1915ರಲ್ಲಿ ಅಡುಗೆಮನೆಯ ಗಾಜಿನ ಪಾತ್ರೆಗಳು ‘ಪೈರೆಕ್ಸ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದವು. ನಮ್ಮ ದೇಶದಲ್ಲಿ 1962ರಲ್ಲಿ ಆರಂಭವಾದ ಬೊರೊಸಿಲ್ ಕಂಪನಿಯ ಹೆಸರಿನಲ್ಲೇ ಈ ಗಾಜಿನ ಹೆಸರು ಅಡಗಿದೆ. ಇಂದು ಕಾಲೇಜು ಪ್ರಯೋಗಾಲಯದ ಬೀಕರು, ಮನೆಯ ಮೈಕ್ರೋವೇವ್ ಬಟ್ಟಲು ಎರಡೂ ಈ ವಂಶದವು.

ತಣಿಸುವುದರಲ್ಲಿದೆ ಗುಟ್ಟು

ಕುಲುಮೆಯಿಂದ ಹೊರಬಂದ ಗಾಜಿನ ಪಾತ್ರೆಯನ್ನು ಹಾಗೆಯೇ ಗಾಳಿಗೆ ಇಟ್ಟರೆ ಹೊರಮೈ ಮೊದಲು ಗಟ್ಟಿಯಾಗುತ್ತದೆ, ಒಳಭಾಗ ಆಮೇಲೆ ಕುಗ್ಗಲು ನೋಡುತ್ತದೆ. ಜಗಳ ಒಳಗೇ ಬೀಗ ಹಾಕಿಕೊಂಡು ಉಳಿಯುತ್ತದೆ. ಆದ್ದರಿಂದ ಪ್ರತಿಯೊಂದು ಸೀಸೆ, ಲೋಟವನ್ನೂ ಸುಮಾರು 550 ಡಿಗ್ರಿಯ ಉದ್ದನೆಯ ಗೂಡಿನಲ್ಲಿ ಹಾಯಿಸಿ ನಿಧಾನವಾಗಿ ತಣಿಸಬೇಕು. ನಿಧಾನವೆಂದರೆ ಎಷ್ಟು? ಲೋಟಕ್ಕೆ ಒಂದೆರಡು ಗಂಟೆಯೂ ಬೇಡ. ಆದರೆ ಕ್ಯಾಲಿಫೋರ್ನಿಯದ ಪಲೋಮಾರ್ ದೂರದರ್ಶಕಕ್ಕೆಂದು ಕಾರ್ನಿಂಗ್‌ನಲ್ಲಿ 1934ರ ಡಿಸೆಂಬರಿನಲ್ಲಿ ಎರಕ ಹುಯ್ದ 200 ಅಂಗುಲ ಅಗಲದ, ಸುಮಾರು 20 ಟನ್ ತೂಕದ ಗಾಜಿನ ಬಿಲ್ಲೆಯನ್ನು ತಣಿಸಲು ಹತ್ತು ತಿಂಗಳು ಹಿಡಿಯಿತು. ದಿನಕ್ಕೆ ಒಂದು ಡಿಗ್ರಿಗಿಂತಲೂ ಕಡಿಮೆ! ನಡುವೆ 1935ರ ಜುಲೈಯಲ್ಲಿ ಹೊಳೆ ಉಕ್ಕಿ ಕಾರ್ಖಾನೆಗೆ ನೀರು ಬಂದು ಮೂರು ದಿನ ವಿದ್ಯುತ್ ಇಲ್ಲ. ಬಿಲ್ಲೆ ಉಳಿಯಿತು. 1948ರಲ್ಲಿ ದೂರದರ್ಶಕದ ಉದ್ಘಾಟನೆಯೂ ಆಯಿತು.

ಒಳಗಿನ ಜಗಳವನ್ನು ಉಪಾಯವಾಗಿ ಬಳಸಿಕೊಳ್ಳುವುದೂ ಉಂಟು. ಕರಗಿದ ಗಾಜಿನ ಹನಿಯನ್ನು ನೀರಿಗೆ ಬೀಳಿಸಿದರೆ ಗೊದಮೊಟ್ಟೆಯಂಥ, ಬಾಲವುಳ್ಳ ಗುಂಡು ಸಿಗುತ್ತದೆ. ಅದರ ತಲೆಯನ್ನು ಸುತ್ತಿಗೆಯಿಂದ ಬಡಿದರೂ ಒಡೆಯುವುದಿಲ್ಲ. ಬಾಲವನ್ನು ಚೂರು ಮುರಿದರೆ ಇಡೀ ಗುಂಡು ಪುಡಿಪುಡಿ. 1660ರ ಸುಮಾರಿಗೆ ರಾಜಕುಮಾರ ರೂಪರ್ಟ್ ಇದನ್ನು ಇಂಗ್ಲೆಂಡಿನ ಅರಸ ಎರಡನೆಯ ಚಾರ್ಲ್ಸ್‌ನ ಆಸ್ಥಾನಕ್ಕೆ ತಂದ. ರಾಯಲ್ ಸೊಸೈಟಿಯ ಪಂಡಿತರು ತಲೆ ಕೆಡಿಸಿಕೊಂಡರು. ಕಾರಣ ಇಷ್ಟೆ: ಮೊದಲು ಹೆಪ್ಪುಗಟ್ಟಿದ ಹೊರಮೈಯನ್ನು ಆಮೇಲೆ ಕುಗ್ಗುವ ಒಳಭಾಗ ಬಿಗಿಯಾಗಿ ಅದುಮಿ ಹಿಡಿಯುತ್ತದೆ. ಅದುಮಿದ ಗಾಜಿನಲ್ಲಿ ಗೀರು ಬಾಯಿ ಬಿಡಲಾರದು. ಬಾಲದ ಮೂಲಕ ಬಿರುಕು ಒಳಗೆ ಹೊಕ್ಕರೆ ಮಾತ್ರ ಸೆಕೆಂಡಿಗೆ ಒಂದೂವರೆ ಕಿಲೋಮೀಟರಿನಷ್ಟು ವೇಗದಲ್ಲಿ ಓಡುತ್ತದೆ. (ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ, ಚೂರು ಕಣ್ಣಿಗೆ ಸಿಡಿಯುತ್ತದೆ.)

ಬಸ್ಸು, ಕಾರುಗಳ ಪಕ್ಕದ ಗಾಜು, ಗಾಜಿನ ಮೇಲ್ಮೈಯ ಗ್ಯಾಸ್ ಒಲೆ ಎಲ್ಲವೂ ಇದೇ ತತ್ವದವು. ಹಾಳೆಯನ್ನು 600 ಡಿಗ್ರಿಗಿಂತ ಮೇಲೆ ಕಾಯಿಸಿ ಎರಡೂ ಕಡೆಯಿಂದ ತಣ್ಣನೆಯ ಗಾಳಿ ಊದುತ್ತಾರೆ. ಒಡೆದರೆ ಕತ್ತಿಯಂಥ ಚೂರುಗಳ ಬದಲು ಕಲ್ಲುಸಕ್ಕರೆಯಂಥ ಹರಳು. ಮೊಬೈಲ್ ಫೋನಿನ ಗಾಜಿಗೆ ಬೇರೆ ಉಪಾಯ: ಕರಗಿದ ಪೊಟ್ಯಾಸಿಯಂ ಲವಣದಲ್ಲಿ ಅದನ್ನು ಅದ್ದುತ್ತಾರೆ. ಮೇಲ್ಮೈಯ ಪುಟ್ಟ ಸೋಡಿಯಂ ಜಾಗ ಬಿಡುತ್ತದೆ, ದಡೂತಿ ಪೊಟ್ಯಾಸಿಯಂ ಅಲ್ಲಿ ಬಂದು ಕೂರುತ್ತದೆ. ಇಬ್ಬರ ಸೀಟಿನಲ್ಲಿ ಮೂವರು ಕೂತ ಬಸ್ಸಿನಂತೆ ಮೇಲ್ಮೈ ಒತ್ತಾಗಿ ಬಿಗಿಯುತ್ತದೆ.

ಕಾರಿನ ಮುಂದಿನ ಗಾಜು ಮಾತ್ರ ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರವಿಟ್ಟ ರೊಟ್ಟಿ. 1903ರಲ್ಲಿ ಫ್ರಾನ್ಸಿನ ಎಡ್ವಾರ್ ಬೆನೆಡಿಕ್ಟಸ್ ಅವರ ಕೈಜಾರಿ ಬಿದ್ದ ಫ್ಲಾಸ್ಕು ಬಿರುಕು ಬಿಟ್ಟಿತೇ ಹೊರತು ಚೆದುರಲಿಲ್ಲ. ಒಳಗೆ ಒಣಗಿದ್ದ ನೈಟ್ರೋಸೆಲ್ಯುಲೋಸ್ ಪದರ ಚೂರುಗಳನ್ನು ಹಿಡಿದಿಟ್ಟಿತ್ತು. 1909ರಲ್ಲಿ ಅವರು ಅದಕ್ಕೆ ಪೇಟೆಂಟ್ ಪಡೆದರು. ಗಮನಿಸಿ, ಆ ಫ್ಲಾಸ್ಕ್ ಬಿದ್ದಾಗ ‘ಯಾರು ಬೀಳಿಸಿದ್ದು?’ ಎಂದು ಕೇಳಿ ಸುಮ್ಮನಾಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ‘ಏಕೆ ಚೆದುರಲಿಲ್ಲ?’ ಎಂದು ಕೇಳಿದರು.

ರಿಜಿಸ್ಟರಿನಲ್ಲಿ ಇಲ್ಲದ ಹೆಸರುಗಳು

ಈಗ ನನ್ನ ಪ್ರನಾಳ. ನನ್ನ ತಪ್ಪು ಒಂದು: ತೊಳೆದ ಮೇಲೆ ಹೊರಮೈ ಒರೆಸಲಿಲ್ಲ. ಕಂದೀಲಿನ ಮೇಲೆ ಮಳೆಹನಿ ಬಿದ್ದಂತೆ, ಜ್ವಾಲೆಯಲ್ಲಿ ಕಾದ ಗಾಜಿನ ಮೇಲೆ ನೀರಿನ ಹನಿ ಇಳಿದಿರಬೇಕು. ಒರೆಸಬೇಕೆಂದು ನಮಗೆ ಯಾರೂ ಹೇಳಿರಲಿಲ್ಲ.

ಆದರೆ ತಳವೇ ಏಕೆ ಕಳಚಿತು? ಬಹಳ ವರ್ಷಗಳ ಮೇಲೆ ಇದನ್ನೆಲ್ಲ ಓದಿದಾಗ ನನಗೆ ನೆನಪಾದದ್ದು ಆ ಪ್ರಯೋಗಾಲಯದ ಬ್ರಷ್. ಅದರ ತುದಿಯ ಕೂದಲು ಯಾವಾಗಲೋ ಸವೆದುಹೋಗಿ ತಂತಿ ಹೊರಬಿದ್ದಿತ್ತು. ನಾವು ಒಬ್ಬೊಬ್ಬರೂ ಶ್ರದ್ಧೆಯಿಂದ ತಿಕ್ಕಿದಾಗಲೆಲ್ಲ ಆ ತಂತಿ ಪ್ರನಾಳದ ತಳಕ್ಕೆ ಒಳಗಿನಿಂದ ಗೀರು ಹಾಕುತ್ತಿತ್ತು. ನನಗಿಂತ ಹಿಂದಿನ ಎಷ್ಟೋ ತಂಡದ ವಿದ್ಯಾರ್ಥಿಗಳ ಗೀರುಗಳೂ ಅದರಲ್ಲಿ ಸೇರಿದ್ದವು. ರಿಜಿಸ್ಟರಿನಲ್ಲಿ ಇದ್ದದ್ದು ಕೊನೆಯದಾಗಿ ಹಿಡಿದವನ ಹೆಸರು ಮಾತ್ರ. ಹೊಸ ಬ್ರಷ್ಷಿನ ಬೆಲೆ ಒಂದು ಪ್ರನಾಳದ ಬೆಲೆಗಿಂತ ಹೆಚ್ಚಿರಲಿಲ್ಲ.

ಆದ್ದರಿಂದ ವಿದ್ಯಾರ್ಥಿಗಳಿಗೆ ನಾಲ್ಕು ಮಾತು. ಕಾಯಿಸುವ ಮೊದಲು ಗಾಜಿನ ಹೊರಮೈಯನ್ನು ಒಣ ಬಟ್ಟೆಯಿಂದ ಒರೆಸಿ. ಜ್ವಾಲೆಯಲ್ಲಿ ಒಂದೇ ಕಡೆ ಹಿಡಿಯದೆ ಆಡಿಸುತ್ತ ಕಾಯಿಸಿ. ಬಿಸಿ ಗಾಜನ್ನು ಒದ್ದೆ ಕಲ್ಲಿನ ಮೇಲೆ ಇಡಬೇಡಿ. ಮರ ಅಥವಾ ಬಟ್ಟೆಯ ಮೇಲೆ ಇಡಿ. ಗೀರು ಬಿದ್ದ, ಅಂಚು ಮುಕ್ಕಾದ ಉಪಕರಣವನ್ನು ಬಿಸಿಗೆ ಒಡ್ಡದೆ ಅಧ್ಯಾಪಕರಿಗೆ ತೋರಿಸಿ.

ತಾಯಿತಂದೆಯರಿಗೂ ನಾಲ್ಕು ಮಾತು. ಫ್ರಿಜ್ಜಿನಿಂದ ತೆಗೆದ ಗಾಜಿನ ಪಾತ್ರೆಗೆ ಕುದಿಯುವ ಸಾರು ಹಾಕಬೇಡಿ. ಗಾಜಿನ ಒಲೆ ಬಿಸಿಯಿದ್ದಾಗ ಒದ್ದೆ ಬಟ್ಟೆಯಿಂದ ಒರೆಸಬೇಡಿ. ಲೋಟಗಳನ್ನು ಲೋಹದ ಸ್ಕ್ರಬ್ಬರಿನಿಂದ ಉಜ್ಜಬೇಡಿ. ಒಡೆದ ಚೂರುಗಳನ್ನು ಬರಿಗೈಯಲ್ಲಿ ಆರಿಸದೆ, ಒದ್ದೆ ಕಾಗದದಿಂದ ಒತ್ತಿ ತೆಗೆದು, ಹಳೆಯ ಪತ್ರಿಕೆಯಲ್ಲಿ ದಪ್ಪಗೆ ಸುತ್ತಿ, ‘ಗಾಜು’ ಎಂದು ಮೇಲೆ ಬರೆದು ಬೇರೆಯಾಗಿ ಕೊಡಿ. ಕಸ ಒಯ್ಯುವ ಪೌರಕಾರ್ಮಿಕರ ಕೈಗಳಿಗೆ ಚುಚ್ಚುವುದು ನಮ್ಮ ಮನೆಯ ಆ ಚೂರೇ.

ಒಂದು ನಿರಪಾಯದ ಪ್ರಯೋಗ ಹೇಳಿ ಮುಗಿಸುತ್ತೇನೆ. ಒಂದು ಹಾಳೆ ಕಾಗದವನ್ನು ಎರಡೂ ತುದಿಯಲ್ಲಿ ಬೆರಳಿಟ್ಟು ನೇರವಾಗಿ ಜಗ್ಗಿ. ಸುಲಭವಾಗಿ ಹರಿಯದು. ಈಗ ಅದರ ಅಂಚಿನ ನಡುವೆ ಅರ್ಧ ಸೆಂಟಿಮೀಟರ್ ಕಚ್ಚು ಹಾಕಿ ಜಗ್ಗಿ. ಇನ್ನೊಂದು ಹಾಳೆಗೆ ಒಂದು ಸೆಂಟಿಮೀಟರ್, ಮತ್ತೊಂದಕ್ಕೆ ಎರಡು. ಎಷ್ಟು ಬಲ ಬೇಕಾಯಿತು ಎಂದು ಕೈಗೇ ಗೊತ್ತಾಗುತ್ತದೆ. ಗ್ರಿಫಿತ್ ಕಂಡುಕೊಂಡದ್ದರ ತಿರುಳು ಇದೇ. ಅಪ್ಪ ಅಮ್ಮನಿಗೂ ಜಗ್ಗಲು ಕೊಡಿ.

ಮುಂದಿನ ಸಲ ಅಡುಗೆಮನೆಯಲ್ಲಿ ‘ಟಣ್’ ಎಂದಾಗ ಮೊದಲ ಪ್ರಶ್ನೆ ‘ಕಾಲಿಗೆ ಚುಚ್ಚಿಲ್ಲ ತಾನೇ?’ ಎಂದಿರಲಿ. ಎರಡನೆಯದು ‘ಬಿರುಕು ಎಲ್ಲಿಂದ ಶುರುವಾಯಿತು, ನೋಡೋಣವೇ?’ ‘ಯಾರು ಒಡೆದದ್ದು?’ ಎಂಬುದು ಆಮೇಲೆ ಬರಲಿ. ಅಷ್ಟು ಹೊತ್ತಿಗೆ ಅದನ್ನು ಕೇಳುವ ಅಗತ್ಯವೇ ಇಲ್ಲದಿರಬಹುದು.